ಮನೆ ದಾರಿಗೆ ಜಲ್ಲಿ ತರ್ಸೋರು ಮೊದ್ಲು ಒಂದು ಟೇಪ್ ತಗೊಳ್ಳಿ

ಮನೆ ಮುಂದಿನ ದಾರಿಗೆ ಜಲ್ಲಿ ಹಾಕ್ಸ್ಬೇಕು ಅಂತಿದ್ರೆ ಫೋನ್ ಮಾಡಿ "ಒಂದ್ ಲೋಡ್ ಗ್ರಾವೆಲ್ ಕಳ್ಸಿ" ಅಂತ ಮಾತ್ರ ಹೇಳ್ಬೇಡಿ. ನಾನು ಹಂಗೇ ಹೇಳಿದ್ದೆ. ಯೂಟ್ಯೂಬಲ್ಲಿ ಯಾರ್ದೋ ಫಾರಿನ್ ಮನೆ ಮುಂದೆ ಬೂದು ಕಲ್ಲು ಹರಡಿದ್ದು ನೋಡಿ ಅದೇ ತಲೇಲಿ ಕೂತಿತ್ತು, ಬಂದಿದ್ದು ನೋಡಿದ್ರೆ ಟಿಪ್ಪರ್ ತುಂಬಾ ಕೆಂಪು ಮಣ್ಣು. ತಂದೋನ್ದೇನೂ ತಪ್ಪಿಲ್ಲ, ನಮ್ಮ ತೀರ್ಥಹಳ್ಳಿ ಕಡೆ ಗ್ರಾವೆಲ್ ಅಂದ್ರೆ ಗುಡ್ಡ ಕಡಿದ ಮೊರಂ, ಪಂಚಾಯ್ತಿ ರಸ್ತೆಗೆ ಹಾಕ್ತಾರಲ್ಲ ಅದೇ. ಬೇಸಿಗೇಲಿ ಚೆನ್ನಾಗೇ ಕೂತ್ಕೊಳ್ತು, ಆರಿದ್ರಾ ಮಳೆ ಹಿಡಿದ ಮೇಲೆ ಅಂಗಳದಿಂದ ಅಡುಗೆಮನೆವರೆಗೂ ಕೆಂಪು ಹೆಜ್ಜೆ, ಮನೆಯೋರ ಬೈಗುಳ ಬೇರೆ. ಅದಕ್ಕೇ ಹೆಸರು ಹೇಳಿ, ಸೈಜ್ ಹೇಳಿ: 40 ಎಂಎಂ ಜಲ್ಲಿ, 20 ಎಂಎಂ ಜಲ್ಲಿ, 12 ಎಂಎಂ, 6 ಎಂಎಂ (ಇದಕ್ಕೆ ಚಿಪ್ಸ್ ಅಂತ್ಲೂ ಅಂತಾರೆ), ಕ್ವಾರಿ ಡಸ್ಟ್ (ಕಲ್ಲು ಒಡೆಯೋವಾಗ ಉಳಿಯೋ ಪುಡಿ). ಕ್ರಷರ್‌ನೋರಿಗೆ, ಅಂದ್ರೆ ಕಲ್ಲು ಒಡೆದು ಜಲ್ಲಿ ಮಾಡೋರಿಗೆ, ಈ ಭಾಷೆ ಮಾತ್ರ ಅರ್ಥ ಆಗೋದು.

ಮನೆ ದಾರಿಗೆ ಯಾವುದು ಬೇಕು ಅಂದ್ರೆ, ಕೆಳಗೆ 40 ಎಂಎಂ, ಮೇಲೆ 20 ಎಂಎಂ, ಸಂದಿ ತುಂಬೋಕೆ ಡಸ್ಟ್, ಅಷ್ಟೇ. ಬರೀ 6 ಎಂಎಂ ಹಾಕ್ಬೇಡಿ, ಗಾಡಿ ಟಯರಿಗೆ ಸಿಕ್ಕಿ ಅಂಗಳಕ್ಕೆಲ್ಲಾ ಬರತ್ತೆ, ಮಳೆ ನೀರಿಗೆ ಚರಂಡಿಗೆ ಹೋಗತ್ತೆ. ಹೊಳೆಗುಂಡು ಚೆಂದ ಕಾಣತ್ತೆ ಅಂತ ಕೆಲವ್ರು ಕೇಳ್ತಾರೆ, ಅದು ಗುಂಡಗಿರೋದ್ರಿಂದ ಒಂದಕ್ಕೊಂದು ಕಚ್ಕೊಳ್ಳಲ್ಲ, ಸ್ಕೂಟರ್ ತಿರುಗ್ಸೋವಾಗ ಜಾರತ್ತೆ, ಅದನ್ನ ತುಳಸಿಕಟ್ಟೆ ಸುತ್ತ ಹಾಕ್ಕೊಳ್ಳಿ. ಕ್ರಷರ್ ಜಲ್ಲಿಗೆ ಮೂಲೆ ಇರತ್ತೆ, ಆ ಮೂಲೆಗಳೇ ಒಂದನ್ನೊಂದು ಹಿಡ್ಕೊಳ್ಳೋದು. ಆರ್ಡರ್ ಕೊಡೋ ಮೊದ್ಲು ಒಂದ್ಸಲ ಕ್ರಷರ್ ಹತ್ರ ಹೋಗಿ ಎರಡು ಕಲ್ಲು ಎತ್ಕೊಂಡು ಒಂದಕ್ಕೊಂದು ಬಡಿದು ನೋಡಿ, ಟಣ್ ಅನ್ಬೇಕು. ಹಳದಿ ಬಣ್ಣ ಇದ್ದು ಕೈಯಲ್ಲೇ ಪುಡಿ ಉದುರಿದ್ರೆ ಅದು ಮೇಲ್ಪದರದ ಕೊಳೆಕಲ್ಲು, ಎರಡು ಮಳೆಗಾಲಕ್ಕೆ ಮಣ್ಣಾಗತ್ತೆ.

ಈಗ ಲೆಕ್ಕ. ಇಲ್ಲೇ ಎಲ್ರೂ ಟೋಪಿ ಹಾಕ್ಸ್ಕೊಳ್ಳೋದು. ಒಂದು ಯೂನಿಟ್ ಅಂದ್ರೆ 100 ಕ್ಯೂಬಿಕ್ ಅಡಿ, ಕೆಲವು ಕಡೆ ಇದನ್ನೇ ಬ್ರಾಸ್ ಅಂತಾರೆ. ಒಣಗಿದ ಜಲ್ಲಿ ಆದ್ರೆ ಒಂದು ಯೂನಿಟ್ ಹೆಚ್ಚುಕಮ್ಮಿ 4 ಟನ್ ಚಿಲ್ರೆ ತೂಗತ್ತೆ. ನಮ್ಮ ದಾರಿ 80 ಅಡಿ ಉದ್ದ, 10 ಅಡಿ ಅಗಲ. 40 ಎಂಎಂ ಮೂರು ಇಂಚು ದಪ್ಪ ಬೇಕು ಅಂದ್ರೆ 80 ಗುಣಿಸು 10 ಗುಣಿಸು ಕಾಲು ಅಡಿ, 200 ಕ್ಯೂಬಿಕ್ ಅಡಿ, ಅಂದ್ರೆ ಎರಡು ಯೂನಿಟ್. ಮೇಲಿನ 20 ಎಂಎಂ ಒಂದೂವರೆ ಇಂಚಿಗೆ 100 ಕ್ಯೂಬಿಕ್ ಅಡಿ. ಆದ್ರೆ ರೋಲರ್ ಓಡಿದ ಮೇಲೆ ಜಲ್ಲಿ ಕುಗ್ಗತ್ತೆ, ಸ್ವಲ್ಪ ಮಣ್ಣೊಳಗೂ ಇಳಿಯತ್ತೆ, ಹಂಗಾಗಿ ಕಾಲು ಭಾಗ ಜಾಸ್ತಿ ಸೇರ್ಸಿ ಎರಡೂವರೆ ಯೂನಿಟ್ 40, ಒಂದೂಕಾಲು ಯೂನಿಟ್ 20, ಡಸ್ಟ್ ಅರ್ಧ ಯೂನಿಟ್ ಅಂತ ಬರ್ಕೊಂಡೆ. ನೀವೂ ನಿಮ್ಮ ಅಳತೆ ಹಾಕಿ ಹಿಂಗೇ ಬರ್ಕೊಂಡ್ಬಿಡಿ, ಆಮೇಲೆ ಲೋಡ್ ಅನ್ನೋ ಪದಾನೇ ಬಾಯಿಗೆ ತರ್ಬೇಡಿ, ಯಾಕಂದ್ರೆ ಲೋಡ್ ಅನ್ನೋದು ಒಂದು ಅಳತೇನೇ ಅಲ್ಲ, ಒಬ್ಬೊಬ್ರ ಗಾಡೀಲಿ ಒಂದೊಂದು.

ಮೊದಲ್ನೇ ಟ್ರ್ಯಾಕ್ಟರ್ ಬಂದಾಗ ಡ್ರೈವರ್ "ಫುಲ್ ಒಂದ್ ಯೂನಿಟ್ ಅಣ್ಣ" ಅಂದ. ನಾನು ಟಯರ್ ಮೇಲೆ ಕಾಲಿಟ್ಟು ಹತ್ತಿ ಟೇಪ್ ಹಿಡ್ದೆ. ಟ್ರೈಲರ್ ಒಳಗಡೆ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ, ಅಂದ್ರೆ ಅಂಚಿನ ತನಕ ತುಂಬಿದ್ರೂ 90 ಕ್ಯೂಬಿಕ್ ಅಡಿನೇ. ಅದ್ರಲ್ಲೂ ಜಲ್ಲಿ ಅಂಚಿಗಿಂತ ಮೂರು ಇಂಚು ಕೆಳಗಿತ್ತು, 75 ಅಡಿ ಆಯ್ತು. ಡ್ರೈವರ್ ನನ್ ಮುಖ ನೋಡಿದ, ನಾನು ಅವ್ನ ಮುಖ ನೋಡ್ದೆ, ಜಗಳ ಏನೂ ಆಗ್ಲಿಲ್ಲ, ಮುಕ್ಕಾಲು ಯೂನಿಟ್ ದುಡ್ಡು ಕೊಟ್ಟೆ, ಮುಂದಿನ ಟ್ರಿಪ್ಪಿಂದ ಗೋಪುರ ಮಾಡ್ಕೊಂಡೇ ತಂದ. ಅಳೆಯೋದು ಗಾಡೀಲಿ ಇರೋವಾಗ್ಲೇ, ಸುರಿದ ಮೇಲೆ ಗುಡ್ಡೆ ನೋಡಿ ಯಾವ ಲೆಕ್ಕಾನೂ ಸಿಗಲ್ಲ. ಟನ್ ಲೆಕ್ಕದಲ್ಲಿ ಕೊಡೋರಾದ್ರೆ ಖಾಲಿ ಗಾಡಿ ತೂಕ, ತುಂಬಿದ ತೂಕ ಎರಡೂ ಇರೋ ವೇಬ್ರಿಡ್ಜ್ (ಗಾಡಿ ತೂಗೋ ಕಾಟಾ) ಚೀಟಿ ಕೇಳಿ. ಡಸ್ಟ್ ಒದ್ದೆ ಇದ್ರೆ ಟನ್ ಲೆಕ್ಕದಲ್ಲಿ ತಗೋಬೇಡಿ, ನೀರಿಗೂ ಜಲ್ಲಿ ರೇಟ್ ಕೊಟ್ಟಂಗೆ.

ಇನ್ನೊಂದು ಕಾಗದ ಇದೆ, ಎಂಡಿಪಿ ಅಂತಾರೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಾಣಿಕೆ ಪರ್ಮಿಟ್ಟು. ಗಾಡಿ ನಂಬರ್ರು, ಎಷ್ಟು ಟನ್ನು, ಎಷ್ಟು ಹೊತ್ತಿನವರೆಗೆ ನಡೆಯತ್ತೆ ಅಂತ ಅದ್ರಲ್ಲಿ ಇರತ್ತೆ. ಇದಿಲ್ದೆ ಕಡಿಮೆಗೆ ಕೊಡ್ತೀನಿ ಅನ್ನೋರು ಇದಾರೆ, ದಾರೀಲಿ ಹಿಡಿದ್ರೆ ಗಾಡಿ ಸ್ಟೇಷನ್ನಲ್ಲಿ ನಿಂತಿರತ್ತೆ, ನೀವು ಕೂಲಿಯೋರ್ನ ಕರ್ಸ್ಕೊಂಡು ಕಾಯ್ತಾ ಕೂತಿರ್ತೀರ. ಪರ್ಮಿಟ್ ಇದ್ರೆ ಇನ್ನೊಂದು ಉಪಯೋಗ, ಅದ್ರಲ್ಲಿರೋ ಟನ್ನಿಗೂ ಡ್ರೈವರ್ ಹೇಳೋ ಯೂನಿಟ್ಟಿಗೂ ತಾಳೆ ಆಗತ್ತಾ ಅಂತ ನೋಡ್ಬೋದು.

ರೇಟ್ ವಿಷ್ಯ ಜಾಸ್ತಿ ಹೇಳಲ್ಲ, ಊರಿಂದೂರಿಗೆ ಬೇರೆ. ಕೇಳೋವಾಗ "ನಮ್ಮನೆ ಬಾಗ್ಲಿಗೆ ತಂದು ಸುರಿದ್ರೆ ಎಷ್ಟು" ಅಂತ್ಲೇ ಕೇಳಿ, ಕ್ರಷರ್ ದೂರ ಇದ್ರೆ ಕಲ್ಲಿಗಿಂತ ಬಾಡಿಗೇನೇ ಜಾಸ್ತಿ ಆಗತ್ತೆ. ಮಾರ್ಚ್ ಒಳಗೆ ತರ್ಸಿದ್ರೆ ಒಳ್ಳೇದು, ಮಳೆ ಹಿಡಿದ್ರೆ ಟಿಪ್ಪರ್ ಹೂತ್ಕೊಳ್ಳತ್ತೆ.

ಟಿಪ್ಪರೋ ಟ್ರ್ಯಾಕ್ಟರೋ ಅಂತ ದಾರಿ ನೋಡಿ ಡಿಸೈಡ್ ಮಾಡಿ. ಆರು ಚಕ್ರದ ಟಿಪ್ಪರ್ ಗಾಡಿ ಸಮೇತ 18.5 ಟನ್, ಹತ್ತು ಚಕ್ರದ್ದು 28.5 ಟನ್ ತನಕ ಕಾನೂನು ಪ್ರಕಾರ ಹೋಗ್ಬೋದು. ಅಷ್ಟು ಭಾರ ನಿಮ್ಮ ಗೇಟ್ ಮುಂದಿನ ಮೋರಿ ಸ್ಲ್ಯಾಬ್ ತಡೆಯತ್ತಾ? ಸೆಪ್ಟಿಕ್ ಟ್ಯಾಂಕ್, ಸಂಪು, ನೀರಿನ ಪೈಪು ಎಲ್ಲಿದೆ ಅಂತ ಮೊದ್ಲೇ ಕೋಲು ನೆಟ್ಟು ಗುರ್ತು ಮಾಡಿ. ಇದೆಲ್ಲಕ್ಕಿಂತ ಮುಖ್ಯ ತಲೆ ಮೇಲಿನ ಕರೆಂಟ್ ತಂತಿ, ಟಿಪ್ಪರ್ ಬಾಡಿ ಎತ್ತಿದಾಗ ಎಷ್ಟು ಮೇಲೆ ಹೋಗತ್ತೆ ಅಂತ ಕೆಳಗೆ ನಿಂತೋರಿಗೆ ಅಂದಾಜೇ ಸಿಗಲ್ಲ, ತಂತಿಗೆ ತಾಗಿದ್ರೆ ಜೀವಾನೇ ಹೋಗತ್ತೆ. ತಂತಿ ಇರೋ ಜಾಗದಲ್ಲಿ ಬಾಡಿ ಎತ್ತೋಕೆ ಬಿಡ್ಲೇಬೇಡಿ.

ಗಾಡಿ ಬರೋ ಹೊತ್ತಿಗೆ ನೀವು ಮನೇಲೇ ಇರಿ. ನಾನು ಒಂದ್ಸಲ ಪೇಟೆಗೆ ಹೋಗಿದ್ದೆ, ಎರಡೂವರೆ ಯೂನಿಟ್ ಪೂರ್ತಿ ಗೇಟ್ ಬಾಯಿಗೇ ಸುರಿದು ಹೋಗಿದ್ದ, ಕಾರು ಒಳಗೆ, ನಾನು ಹೊರಗೆ. ಮೂರು ಜನ ಎರಡು ದಿನ ಬಾಂಡ್ಲೀಲಿ ಹೊತ್ತಿದ್ದು. ಡ್ರೈವರ್ ಹತ್ರ ಮೊದ್ಲೇ ಮಾತಾಡಿ, ಹಿಂದಿನ ಬಾಗ್ಲು ಸ್ವಲ್ಪ ಮಾತ್ರ ಬಿಟ್ಟು, ಬಾಡಿ ನಿಧಾನ ಎತ್ತುತ್ತಾ ಗಾಡಿ ಮುಂದಕ್ಕೆ ಓಡಿಸಿದ್ರೆ ಜಲ್ಲಿ ತಾನೇ ಉದ್ದಕ್ಕೆ ಹರಡ್ಕೊಂಡು ಬೀಳತ್ತೆ, ಅರ್ಧ ಕೆಲ್ಸ ಅಲ್ಲೇ ಮುಗೀತು. ತಂತಿ ಇಲ್ಲದ ಕಡೆ ಮಾತ್ರ. ದಾರಿ ಸಣ್ಣದಿದ್ರೆ ಟ್ರ್ಯಾಕ್ಟರಲ್ಲಿ ನಾಲ್ಕು ಕಡೆ ನಾಲ್ಕು ಗುಡ್ಡೆ ಮಾಡ್ಸಿ.

ಸುರಿಯೋ ಮೊದ್ಲು ನೆಲದ ಕೆಲ್ಸ ಮುಗಿದಿರ್ಬೇಕು. ಹುಲ್ಲು ಬೇರು ಎಲ್ಲ ಕೆತ್ತಿ, ನಾಲ್ಕೈದು ಇಂಚು ಮಣ್ಣು ತೆಗೆದು, ಮಧ್ಯ ಸ್ವಲ್ಪ ಉಬ್ಬಿ ಎರಡೂ ಕಡೆ ಚರಂಡಿ. ಅಂಚಿಗೆ ಜಂಬಿಟ್ಟಿಗೆ ಕಲ್ಲು ಸಾಲಾಗಿ ಹೂಳಿದ್ರೆ ಜಲ್ಲಿ ಪಕ್ಕಕ್ಕೆ ಓಡಲ್ಲ. ಜೇಡಿಮಣ್ಣಿನ ನೆಲ ಆದ್ರೆ ಕೆಳಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋ ಬಟ್ಟೆ) ಹಾಸಿ, ಇಲ್ಲಾಂದ್ರೆ ವರ್ಷ ವರ್ಷಾನೂ ಜಲ್ಲಿ ಹಾಕ್ತಾನೇ ಇರ್ಬೇಕು, ಕೆಸರು ಅದನ್ನ ನುಂಗ್ತಾನೇ ಇರತ್ತೆ. 40 ಹರಡಿ ರೋಲರ್ ಓಡ್ಸಿ, ಡಸ್ಟ್ ಉದುರ್ಸಿ ನೀರು ಹೊಡೆದು ಇನ್ನೊಂದ್ಸಲ ರೋಲರ್, ಆಮೇಲೆ 20 ಹಾಕಿ ಮತ್ತೆ ರೋಲರ್. ರೋಲರ್ ಸಿಗ್ಲಿಲ್ಲ ಅಂದ್ರೆ ತುಂಬಿದ ಟ್ರ್ಯಾಕ್ಟರನ್ನೇ ಗಾಲಿ ಜಾಗ ಬದಲಾಯ್ಸ್ತಾ ಹತ್ತಾರು ಸಲ ಓಡಾಡ್ಸಿ, ಅಷ್ಟು ನೀಟಾಗಿ ಬರಲ್ಲ, ನಡೆಯತ್ತೆ.

ಏರು ಜಾಗದಲ್ಲಿ, ಅಂದ್ರೆ ಹತ್ತಡಿಗೆ ಒಂದಡಿಗಿಂತ ಜಾಸ್ತಿ ಏರಿದ್ರೆ, ಬಿಡಿ ಜಲ್ಲಿ ದುಡ್ಡು ದಂಡ. ಅಲ್ಲಿ ಟಯರ್ ಹೋಗೋ ಜಾಗಕ್ಕೆ ಎರಡೆರಡು ಅಡಿ ಅಗಲದ ಎರಡು ಕಾಂಕ್ರೀಟ್ ಪಟ್ಟಿ ಹಾಕ್ಸಿ ಮಧ್ಯಕ್ಕೆ ಜಲ್ಲಿ ತುಂಬಿ, ನೀರು ಅಡ್ಡ ತಿರುಗೋ ಹಾಗೆ ಓರೆ ಕಾಲುವೆ ಒಂದೆರಡು ಬಿಡಿ. ನಮ್ಮನೆ ಗೇಟ್ ಹತ್ರದ ಏರಲ್ಲಿ ನಾನು ಇದನ್ನ ಮಾಡ್ದೆ ಬಿಟ್ಟಿದ್ದೆ, ಮೊದಲ್ನೇ ಜೋರು ಮಳೆಗೇ ಅಷ್ಟೂ 20 ಎಂಎಂ ಕೆಳಗಿನ ತೋಟದ ಅಡಿಕೆ ಬುಡಕ್ಕೆ ಹೋಗಿ ಕೂತಿತ್ತು, ಹೆಕ್ಕಿ ತಂದಿದ್ದು ನಾನೇ.

ಕೊನೇ ಟ್ರಿಪ್ಪಲ್ಲಿ ಕಾಲು ಯೂನಿಟ್ 20 ಎಂಎಂ ಹೆಚ್ಚಿಗೆ ತರ್ಸಿ ಮೂಲೇಲಿ ಇಟ್ಕೊಂಡಿರಿ, ಮಳೆಗಾಲ ಮುಗಿದ ಮೇಲೆ ಗುಂಡಿ ಬಿದ್ದಲ್ಲಿಗೆ ಎರಡು ಬಾಂಡ್ಲಿ ಹಾಕೋಕೆ ಬೇಕಾಗತ್ತೆ, ಅಷ್ಟಕ್ಕೋಸ್ಕರ ಯಾವ ಟ್ರ್ಯಾಕ್ಟರಿನೋನೂ ಬರಲ್ಲ. ಗುಡ್ಡೆ ಬಾವಿಕಟ್ಟೆ ಹತ್ರ ಬೇಡ, ಹಾವು ಸೇರ್ಕೊಳ್ಳತ್ತೆ.