ಮರ್ಮಕ್ಕೆ ಕೈ ಹಾಕುವ ಮುನ್ನ ಹಿಡಿತ ಕಲಿಯಿರಿ

ಕರಾಟೆ ಕ್ಲಾಸ್‌ಗೆ ಹೊಸದಾಗಿ ಸೇರಿದವರಿಗೆ ಒಂದು ಆಸೆ ಇರುತ್ತದೆ: ಎಲ್ಲಿ ಒತ್ತಿದರೆ ಎದುರಾಳಿ ಬೀಳುತ್ತಾನೆ ಅಂತ ತಿಳಿಯಬೇಕು. ಸುಮ್ನೆ ನಿಂತವನ ಮೇಲೆ ಒತ್ತಿದರೆ ನೋವಾಗುತ್ತದೆ, ನಿಜ. ಆದರೆ ಜಗಳಕ್ಕೆ ಬಂದವನು ಸುಮ್ನೆ ನಿಲ್ಲುವುದಿಲ್ಲ.

ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆ 107 ಮರ್ಮಗಳನ್ನು, ಅಂದರೆ ದೇಹದ ನಾಜೂಕಾದ ಜಾಗಗಳನ್ನು, ಹೇಳುತ್ತದೆ. ಅವುಗಳಲ್ಲಿ ಪೆಟ್ಟು ಬಿದ್ದರೆ ನೋವು ಕೊಡುವಂಥವು ಎಂದು ಗುಂಪು ಮಾಡಿರುವುದು 8 ಮಾತ್ರ. 44 ಅಂಗ ಊನ ಮಾಡುವಂಥವು, 19 ಕೂಡಲೇ ಪ್ರಾಣ ತೆಗೆಯುವಂಥವು. ಹಾಗಾಗಿ ಎರಡು ಮೂರು ಜಾಗ ಆರಿಸಿಕೊಳ್ಳಿ, ಸಾಕು.

ಮೊಣಕೈಯ ಒಳಬದಿ ಬಾಗಿಲಿಗೆ ತಾಗಿದರೆ ಕಿರುಬೆರಳಿನವರೆಗೆ ಜುಮ್ಮೆನ್ನುತ್ತದೆ, ಅಲ್ವಾ? ಅಲ್ಲಿ ನರ ಚರ್ಮದ ಕೆಳಗೇ ಮೂಳೆಗೆ ಅಂಟಿಕೊಂಡು ಹೋಗುತ್ತದೆ. ಅಲ್ಲಿಂದ ಶುರು ಮಾಡಿ. ಮೊದಲು ನಿಮ್ಮ ಕೈ ಮೇಲೆ, ಆಮೇಲೆ ಜೊತೆಗಾರರ ಮೇಲೆ, ನಿಧಾನವಾಗಿ ಒತ್ತಿ. ಅವರು ಸಾಕು ಅಂತ ಎರಡು ಸಲ ತಟ್ಟಿದರೆ ತಕ್ಷಣ ಬಿಡಬೇಕು. ಜೊತೆಗಾರರನ್ನು ಬದಲಿಸುತ್ತಾ ಹೋಗಿ. ಒಬ್ಬರು ಕಿರುಚುವ ಜಾಗದಲ್ಲಿ ಇನ್ನೊಬ್ಬರಿಗೆ ಏನೂ ಅನಿಸುವುದಿಲ್ಲ.

ಮುಂದಿನದು ಹಿಡಿತ. ಜಾಸ್ತಿ ಸಮಯ ಇದಕ್ಕೇ ಕೊಡಿ. ನಮ್ಮ ಗರಡಿಯ ಪೈಲ್ವಾನರು ಮೊದಲು ಎದುರಾಳಿಯ ಕೈ ಕಟ್ಟಿಹಾಕಿ, ಕಾಲು ಕದಲಿಸುತ್ತಾರೆ. ನೀವೂ ಮಣಿಕಟ್ಟು ಹಿಡಿದು, ಅವರ ಮೊಣಕೈಯನ್ನು ನಿಮ್ಮ ಎದೆಗೆ ಒತ್ತಿಕೊಂಡ ಮೇಲೆ ನರ ಹುಡುಕಿ. ಹಿಡಿತವಿಲ್ಲದೆ ಬೆರಳು ಚಾಚಿದರೆ ಬೆರಳೇ ಮುರಿದೀತು.

ಈಗ ಜೊತೆಗಾರರು ಕಾಲರ್ ಹಿಡಿದು ಎಳೆಯಲಿ, ತಳ್ಳಲಿ. ಮೊದಲು ಮೆಲ್ಲಗೆ, ವಾರ ಕಳೆದಂತೆ ಜೋರಾಗಿ. ತುಮಕೂರಿನ ಅಮಾನಿಕೆರೆ ಪಾರ್ಕ್‌ನಲ್ಲಿ ಓಡಿ, ಏದುಸಿರು ಬಿಡುತ್ತಿರುವಾಗಲೇ ಹುಲ್ಲಿನ ಮೇಲೆ ಇದನ್ನು ಮಾಡಿ. ಸಿಮೆಂಟ್ ನೆಲ ಬೇಡ. ಎದೆ ಹೊಡೆದುಕೊಳ್ಳುವಾಗ ಬೆರಳ ತುದಿ ಹೇಳಿದ ಮಾತು ಕೇಳುವುದಿಲ್ಲ. ಗೆಣ್ಣು, ಅಂಗೈ, ಮೊಣಕೈ ಬಳಸಿ. ತೊಡೆಯ ಹೊರಬದಿಗೆ ಒದೆಯುವುದನ್ನು ದಪ್ಪ ಪ್ಯಾಡ್ ಮೇಲೇ ಕಲಿಯಿರಿ.

ಸಿಟ್ಟಿನಲ್ಲಿರುವವನಿಗೆ, ಕುಡಿದವನಿಗೆ ನೋವು ತಡವಾಗಿ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಅಭ್ಯಾಸವೂ ತಳ್ಳಿ, ಬಿಡಿಸಿಕೊಂಡು, ದೂರ ಓಡುವುದರಲ್ಲಿ ಮುಗಿಯಲಿ. ಒತ್ತಿದ್ದು ಕೆಲಸ ಮಾಡದಿದ್ದರೂ ಕಾಲು ನಿಲ್ಲಬಾರದು.

ಕುತ್ತಿಗೆಯ ಪಕ್ಕಕ್ಕೆ ಮಾತ್ರ ಹೊಡೆಯಲೇಬೇಡಿ, ತಮಾಷೆಗೂ ಬೇಡ. ಅಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳವಿದೆ. ಅದರ ಗೋಡೆಯಲ್ಲಿ ರಕ್ತದೊತ್ತಡ ಗ್ರಹಿಸುವ ನರಗಳಿವೆ. ಪೆಟ್ಟು ಬಿದ್ದರೆ ಹೃದಯ ಬಡಿತ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ನಾಳದ ಒಳಪದರ ಹರಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು, ಅದೂ ಕೆಲವು ದಿನ ಕಳೆದ ಮೇಲೆ. ಯಾರಾದರೂ ಪ್ರಜ್ಞೆ ತಪ್ಪಿದರೆ ನೀರು ಚಿಮುಕಿಸಿ ಮತ್ತೆ ಆಡಿಸಬೇಡಿ. 108ಕ್ಕೆ ಫೋನ್ ಮಾಡಿ.

ಕ್ಲಾಸ್ ಸೇರುವ ಮುಂಚೆ ಒಂದು ದಿನ ಕೂತು ನೋಡಿ. ಮಾಸ್ಟರ್ ತಮ್ಮ ಶಿಷ್ಯರ ಮೇಲಷ್ಟೇ ತೋರಿಸುತ್ತಾರಾ, ಅಥವಾ ತಿರುಗಿ ಎಳೆದಾಡುವ ಹೊಸಬರ ಮೇಲೂ ತೋರಿಸುತ್ತಾರಾ? ಕುತ್ತಿಗೆಗೆ ಹೊಡೆದು ಮಕ್ಕಳನ್ನು ಬೀಳಿಸಿ ತೋರಿಸುವ ಕಡೆ ನಿಮ್ಮ ಮಗುವನ್ನು ಸೇರಿಸಬೇಡಿ.