ಪಾಸ್‌ಪುಸ್ತಕದ ಆ ಒಂದು ಸಾಲು

ನಿವೃತ್ತನಾದ ಮೇಲೆ ಮಂಡ್ಯದ ಒಂದು ವೃದ್ಧಾಶ್ರಮದ ಲೆಕ್ಕ ಬರೆಯಲು ಒಪ್ಪಿಕೊಂಡೆ. ಆಶ್ರಮಕ್ಕೆ ಕೇಂದ್ರ ಸರ್ಕಾರದ ಅನುದಾನ ಬಂದ ಮೊದಲ ವರ್ಷ ಅದು. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಕೂಡು ಕಳೆ ಯಾವ ಲೆಕ್ಕ ಎಂಬ ಜಂಬವಿತ್ತು. ಆಡಿಟರ್ ಪಾಸ್‌ಪುಸ್ತಕ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಈ ಬಡ್ಡಿ ಯಾರದು, ಮೇಷ್ಟ್ರೇ?"

"ನಮ್ಮ ಖಾತೆಗೆ ಬಂದದ್ದು, ನಮ್ಮದೇ" ಎಂದೆ. ಅಲ್ಲವಂತೆ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 230ನೆಯದು ಸ್ಪಷ್ಟವಾಗಿದೆ: ಅನುದಾನಕ್ಕೆ ಬಂದ ಬಡ್ಡಿಯನ್ನು ಲೆಕ್ಕ ಅಂತಿಮವಾದ ಕೂಡಲೇ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಬೊಕ್ಕಸಕ್ಕೆ, ಕಟ್ಟಬೇಕು. ನಾವು ಆ ದುಡ್ಡಿನಲ್ಲಿ ಕಂಬಳಿ ಕೊಂಡಿದ್ದೆವು. ಸಾಲದ್ದಕ್ಕೆ ದೇಣಿಗೆಯೂ ಅದೇ ಖಾತೆಗೆ ಬಿದ್ದಿತ್ತು. ಯಾವ ಬಡ್ಡಿ ಯಾವುದರದ್ದೆಂದು ಬಿಡಿಸಲು ಎರಡು ದಿನ ಹಿಡಿಯಿತು. ಕೊನೆಗೆ ದೇಣಿಗೆ ಹಣದಿಂದ ತುಂಬಿ, ಕೇಂದ್ರ ಸರ್ಕಾರಕ್ಕೆ ಹಣ ಕಟ್ಟುವ ಜಾಲತಾಣ ಭಾರತ್‌ಕೋಶ್‌ನಲ್ಲಿ ಕಟ್ಟಿ, ರಸೀದಿಯನ್ನು ಕಡತಕ್ಕೆ ಸೇರಿಸಿದೆ. ಮರುವಾರವೇ ಅನುದಾನಕ್ಕೆ ಬೇರೆ ಖಾತೆ ತೆರೆದೆವು.

ಎರಡನೆಯ ಪೆಟ್ಟು ಅಡುಗೆಮನೆಯಿಂದ ಬಂತು. ಮಹಾಲಯ ಅಮಾವಾಸ್ಯೆಗೆಂದು ಆಶ್ರಮದ ಒಂಬತ್ತು ಹಿರಿಯರು ತಮ್ಮ ಮಕ್ಕಳ ಮನೆಗೆ ಹೋಗಿದ್ದರು, ಹಾಜರಿ ಪುಸ್ತಕದಲ್ಲಿ ಅದು ಸರಿಯಾಗಿಯೇ ಇತ್ತು. ಸ್ಟಾಕ್ ರಿಜಿಸ್ಟರಿನಲ್ಲಿ ಮಾತ್ರ ಅಂದೂ ಎಂದಿನಷ್ಟೇ ರಾಗಿ ಹಿಟ್ಟು! ಯಾರೂ ಕದ್ದಿರಲಿಲ್ಲ. ಅಡುಗೆಯವರು ತಿಂಗಳಿಡೀ ಒಂದೇ ಅಂಕಿ ಬರೆದಿದ್ದರು, ನಾನು ಕಣ್ಣುಮುಚ್ಚಿ ಸಹಿ ಹಾಕಿದ್ದೆ.

ಸೊಪ್ಪು ಮಾರುವವರು ಬಿಲ್ಲು ಎಲ್ಲಿಂದ ಕೊಟ್ಟಾರು? ಅದಕ್ಕೆ ನಾವೇ ಓಚರ್ ಬರೆದು, ತೂಕ, ದರ, ದಿನಾಂಕ ಹಾಕಿ ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತೇವೆ. 5,000 ರೂಪಾಯಿ ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ಔಷಧದ ಅಂಗಡಿಯ ನುಣುಪು ಕಾಗದದ ಬಿಲ್ಲಂತೂ ಮಾರ್ಚ್ ಹೊತ್ತಿಗೆ ಬರೀ ಬಿಳಿ ಹಾಳೆಯಾಗಿರುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ ಜೊತೆಗೆ ಅಂಟಿಸಬೇಕು.

ಇಷ್ಟಾದರೆ 12-ಎ ನಮೂನೆಯ ಹಣ ಬಳಕೆ ಪ್ರಮಾಣಪತ್ರ ಅರ್ಧ ದಿನದ ಕೆಲಸ. ಆರ್ಥಿಕ ವರ್ಷ ಮುಗಿದು ಹನ್ನೆರಡು ತಿಂಗಳ ಗಡುವು ಇದೆ ನಿಜ, ಆದರೆ ಅಷ್ಟು ಕಾದರೆ ಮುಂದಿನ ಕಂತಿಗೂ ಅಷ್ಟೇ ಕಾಯಬೇಕಾಗುತ್ತದೆ. ಆಡಿಟರ್ ಸಹಿಯ ಕೆಳಗೆ ಯುಡಿಐಎನ್, ಅಂದರೆ ಅವರು ಸಹಿ ಮಾಡಿದ ಪ್ರತಿ ದಾಖಲೆಯನ್ನು ಗುರುತಿಸುವ ಸಂಖ್ಯೆ, ಇದೆಯೇ ಎಂದು ನೋಡಿಯೇ ಕಳುಹಿಸುತ್ತೇನೆ.

ಈಗ ಅಡುಗೆಯವರು ಹಿಟ್ಟು ಅಳೆಯುವ ಮುಂಚೆ "ಇವತ್ತು ಎಷ್ಟು ಜನ ಮೇಷ್ಟ್ರೇ?" ಎಂದು ಕೂಗಿ ಕೇಳುತ್ತಾರೆ. ಬಡ್ಡಿ ಜಮಾ ಆದ ಸಾಲಿನ ಪಕ್ಕದಲ್ಲಿ ನಾನು ಕೆಂಪು ಶಾಯಿಯಲ್ಲಿ "ಸರ್ಕಾರದ್ದು" ಎಂದು ಬರೆದಿಡುತ್ತೇನೆ.