ಹಳೆಯ ಕೀಬೋರ್ಡ್ ಫೋನಿನಲ್ಲಿರುವ ಸಂದೇಶಗಳನ್ನು ಉಳಿಸಿಕೊಳ್ಳುವುದು ಹೇಗೆ?

ನನ್ನ ಸೋದರತ್ತೆಯ ನೋಕಿಯಾ ಸಿ3 ಫೋನು ದುರಸ್ತಿ ಅಂಗಡಿಯಿಂದ ಹೊಸದರಂತೆ ಬೆಳಗುತ್ತಾ ಮನೆಗೆ ಬಂತು. ಆದರೆ ಅದರ ಇನ್‌ಬಾಕ್ಸ್ ಪೂರ್ತಿ ಖಾಲಿಯಾಗಿತ್ತು. ಅತ್ತೆಗೆ ಬೇಕಾಗಿದ್ದದ್ದು ಮಾವ ತೀರಿಕೊಳ್ಳುವ ಮೊದಲಿನ ಮೂರು ವರ್ಷ ಆ ಫೋನಿಗೆ ಕಳಿಸಿದ್ದ ಸಂದೇಶಗಳು ಮಾತ್ರ. ಅಂಗಡಿಯವರು ಫೋನು ಆನ್ ಆಗುವಂತೆ ಮಾಡಲು ಅದರ ಸಾಫ್ಟ್‌ವೇರನ್ನೇ ಅಳಿಸಿ ಮತ್ತೆ ತುಂಬಿದ್ದರು, ಮತ್ತು ಹಾಗೆ ಮಾಡುವ ಮುಂಚೆ ಒಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ. ಆಮೇಲೆ ಬಂಧುಗಳ, ನೆರೆಯವರ ಏಳೆಂಟು ಫೋನುಗಳಿಂದ ಸಂದೇಶಗಳನ್ನು ಹೊರತೆಗೆದುಕೊಟ್ಟಿದ್ದೇನೆ. ಎಲ್ಲ ಕಡೆಯೂ ಜನ ಅದೇ ಎರಡು ಮೂರು ಜಾಗಗಳಲ್ಲಿ ಎಡವುವುದನ್ನು ಕಂಡಿದ್ದರಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

2010ರಲ್ಲಿ ಬಂದ ನೋಕಿಯಾ ಸಿ3-00 ಫೋನನ್ನೇ ಇಲ್ಲಿ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಅದಕ್ಕೂ ಮುಂಚಿನ ಸಾಮಾನ್ಯ ಫೋನುಗಳಲ್ಲಿ ಇಂಗ್ಲಿಷಿನ ‘ಎಸ್’ ಅಕ್ಷರ ಬೇಕೆಂದರೆ 7ರ ಗುಂಡಿಯನ್ನು ನಾಲ್ಕು ಸಲ ಒತ್ತಬೇಕಾಗಿತ್ತು. ಪ್ರತಿ ಅಕ್ಷರಕ್ಕೂ ಒಂದೊಂದು ಗುಂಡಿಯಿದ್ದ ಈ ಫೋನು ಕೈಗೆ ಬಂದ ಮೇಲೆ, ಅಲ್ಲಿಯವರೆಗೆ ‘ಬಂದೆ’, ‘ಸರಿ’ ಎಂದಷ್ಟೇ ಕಳಿಸುತ್ತಿದ್ದವರು ಎರಡು ಹೆಬ್ಬೆರಳುಗಳಿಂದ ಪೂರ್ತಿ ವಾಕ್ಯಗಳನ್ನು ಬರೆಯತೊಡಗಿದರು. ಹಾಗಾಗಿ ಅನೇಕ ಮನೆಗಳಲ್ಲಿ ಓದುವಂಥ ಸಂದೇಶಗಳು ಉಳಿದಿರುವುದು ಇಂಥ ಫೋನುಗಳಲ್ಲಿಯೇ.

ಕೆಲಸ ಶುರು ಮಾಡುವ ಮುಂಚೆ ಒಂದು ವಿಷಯ ಖಚಿತವಾಗಿ ತಿಳಿದಿರಬೇಕು. ಸಂದೇಶಗಳು ಇರುವುದು ಸಿಮ್‌ನಲ್ಲಿ ಅಲ್ಲ, ಫೋನಿನ ಒಳಗಿನ ಮೆಮೊರಿಯಲ್ಲಿ. ಸಿಮ್ ಕಾರ್ಡಿನಲ್ಲಿ ಹಿಡಿಯುವುದು ಹೆಚ್ಚೆಂದರೆ ಕೆಲವು ಹತ್ತು ಸಂದೇಶಗಳು, ಮತ್ತು ಈ ಫೋನುಗಳು ಸಾಮಾನ್ಯವಾಗಿ ಅಲ್ಲಿ ಏನನ್ನೂ ಇಡುತ್ತಿರಲಿಲ್ಲ. ಸಿಮ್ಮನ್ನು ಜೋಪಾನವಾಗಿ ತೆಗೆದಿಟ್ಟು ಫೋನನ್ನು ಗುಜರಿಗೆ ಹಾಕಿದವರನ್ನು ನಾನು ಕಂಡಿದ್ದೇನೆ. ಫೋನನ್ನು ಇನ್ನೂ ಹತ್ತು ವರ್ಷ ಹಾಗೆಯೇ ಇಟ್ಟರಾಯಿತು ಎಂದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ವಿದ್ಯುತ್ ಇಲ್ಲದೆ ಬಿದ್ದಿರುವ ಫ್ಲ್ಯಾಶ್ ಮೆಮೊರಿಯಲ್ಲಿ ಹಿಡಿದಿಟ್ಟ ವಿದ್ಯುದಂಶ ನಿಧಾನವಾಗಿ ಸೋರಿಹೋಗುತ್ತದೆ.

ಮೊದಲ ಹಂತ ಬ್ಯಾಟರಿ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಹೊರಗೆ ತೆಗೆಯಿರಿ, ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ. ಚೆನ್ನಾಗಿರುವ ಬ್ಯಾಟರಿ ಮೇಜಿಗೆ ಅಂಟಿಕೊಂಡಂತೆ ನಿಲ್ಲುತ್ತದೆ; ಉಬ್ಬಿದ್ದು ಬುಗುರಿಯಂತೆ ಗಿರಕಿ ಹೊಡೆಯುತ್ತದೆ. ಉಬ್ಬಿದ ಬ್ಯಾಟರಿಯನ್ನು ಒಮ್ಮೆಯೂ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಮನೆಯ ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಸಿ3ರ ಬ್ಯಾಟರಿಯ ಹೆಸರು ಬಿಎಲ್-5ಜೆ. ಇದೇ ಬ್ಯಾಟರಿ ನೋಕಿಯಾ 5233ರಲ್ಲಿಯೂ ಲೂಮಿಯಾ 520ರಲ್ಲಿಯೂ ಇದೆ. ಆದ್ದರಿಂದ ಹೊಸದನ್ನು ಕೊಳ್ಳುವ ಮುಂಚೆ ಮನೆಯಲ್ಲಿ, ಬಳಗದಲ್ಲಿ ಆ ಫೋನುಗಳು ಯಾರ ಬಳಿಯಾದರೂ ಇವೆಯೇ ಎಂದು ಕೇಳಿ, ಒಂದು ದಿನದ ಮಟ್ಟಿಗೆ ಎರವಲು ಪಡೆಯುವುದು ಉತ್ತಮ. ಮೂಲ ಬ್ಯಾಟರಿಯ ಸಾಮರ್ಥ್ಯ 1320 ಎಂಎಎಚ್. ಅದೇ ಗಾತ್ರದ ಬ್ಯಾಟರಿಯ ಮೇಲೆ 2500, 3000 ಎಂದು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಮಾರುವುದುಂಟು. ಆ ಚೀಟಿಯನ್ನು ನಂಬಬಾರದು, ಅಂಥ ಬ್ಯಾಟರಿಯನ್ನು ಈ ಕೆಲಸಕ್ಕೆ ಬಳಸಲೂಬಾರದು.

ಚಾರ್ಜ್ ಮಾಡುವಾಗಲೇ ಬಹಳ ಮಂದಿ ‘ಫೋನು ಸತ್ತಿದೆ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸಿ3ಕ್ಕೆ ಮೈಕ್ರೊ ಯುಎಸ್‌ಬಿ ರಂಧ್ರ ಇದೆ, ಆದರೆ ಅದು ಮಾಹಿತಿ ವರ್ಗಾವಣೆಗೆ ಮಾತ್ರ. ಅದರ ಮೂಲಕ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಚಾರ್ಜ್ ಆಗುವುದು 2 ಮಿ.ಮೀ. ದಪ್ಪದ, ನಾವೆಲ್ಲ ‘ಸಣ್ಣ ಪಿನ್’ ಎನ್ನುತ್ತಿದ್ದ ನೋಕಿಯಾ ಚಾರ್ಜರಿನಿಂದ. ವರ್ಷಗಟ್ಟಲೆ ಬಿದ್ದಿದ್ದ ಬ್ಯಾಟರಿಗೆ ಈ ಚಾರ್ಜರ್ ಹಾಕಿದಾಗ ಮೊದಲ ಅರ್ಧ ಗಂಟೆ ಪರದೆಯ ಮೇಲೆ ಏನೂ ಕಾಣದೇ ಇರಬಹುದು. ಗಾಬರಿಯಾಗಿ ಪಿನ್ನನ್ನು ಪದೇ ಪದೇ ಕಿತ್ತು ಹಾಕಬೇಡಿ, ಸುಮ್ಮನೆ ಬಿಡಿ. ಬ್ಯಾಟರಿಯನ್ನು ಹೊರತೆಗೆದು ಕ್ಲಿಪ್ಪಿನ ಚಾರ್ಜರಿಗೆ ಸಿಕ್ಕಿಸುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಸತ್ತಂತಿದ್ದ ಬ್ಯಾಟರಿ ಅದರಿಂದ ಕೆಲವೊಮ್ಮೆ ಎಚ್ಚರಗೊಳ್ಳುವುದು ನಿಜವಾದರೂ, ಎಷ್ಟು ವಿದ್ಯುತ್ ಹರಿಯುತ್ತಿದೆ ಎಂಬ ಹತೋಟಿಯೇ ಇಲ್ಲದ ಆ ಅಗ್ಗದ ಸಾಧನವನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ನೀವೂ ಬಿಟ್ಟುಕೊಳ್ಳಬೇಡಿ. ಬ್ಯಾಟರಿ ಪೂರ್ತಿ ತುಂಬಿದ ಮೇಲೆಯೇ ಫೋನನ್ನು ಆನ್ ಮಾಡಿ. ಸಂದೇಶಗಳ ಪ್ರತಿ ತೆಗೆಯುವ ಕೆಲಸದ ನಡುವೆ ಫೋನು ಆರಿಹೋದರೆ ಕಡತ ಅರೆಬರೆಯಾಗುತ್ತದೆ.

ಸಿಮ್ ವಿಷಯದಲ್ಲಿ ನನ್ನ ಸಲಹೆ, ಚಾಲ್ತಿಯಲ್ಲಿಲ್ಲದ ಹಳೆಯ ದೊಡ್ಡ ಸಿಮ್ ಒಂದನ್ನು ಹಾಕಿ. ಈಗಿನ ಚಾಲ್ತಿ ಸಿಮ್ ಹಾಕಿದರೆ ಜಾಹೀರಾತಿನ ಸಂದೇಶಗಳು ಬಂದು ಹಳೆಯವುಗಳ ನಡುವೆ ಸೇರಿಕೊಳ್ಳುತ್ತವೆ. ನ್ಯಾನೊ ಸಿಮ್ಮನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ ತಳ್ಳುವುದಂತೂ ಬೇಡ. ಎಳೆಯುವಾಗ ಚೌಕಟ್ಟಿನ ಅಂಚಿಗೆ ಒಳಗಿನ ಲೋಹದ ಕಡ್ಡಿಗಳು ಸಿಕ್ಕಿ ಬಾಗುತ್ತವೆ. ಫೋನು ಸೆಕ್ಯೂರಿಟಿ ಕೋಡ್ ಕೇಳಿದರೆ ಮೊದಲು 12345 ಒತ್ತಿ ನೋಡಿ. ಕಂಪನಿಯಿಂದ ಬರುವಾಗ ಇರುವ ಸಂಖ್ಯೆ ಅದೇ, ಬದಲಾಯಿಸಿದವರು ಕಡಿಮೆ. ದಿನಾಂಕ ಕೇಳಿದರೆ ಇಂದಿನ ದಿನಾಂಕ ಕೊಡಿ. ಬಂದ ಸಂದೇಶಗಳ ದಿನಾಂಕ ಇದರಿಂದ ಕೆಡುವುದಿಲ್ಲ, ಏಕೆಂದರೆ ಆ ಮುದ್ರೆಯನ್ನು ಒತ್ತಿರುವುದು ಮೊಬೈಲ್ ಕಂಪನಿಯ ಸಂದೇಶ ಕೇಂದ್ರ.

ಫೋನು ತೆರೆದುಕೊಂಡ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಕೈಯಾಡಿಸಬೇಡಿ. ‘ರಿಸ್ಟೋರ್ ಫ್ಯಾಕ್ಟರಿ ಸೆಟ್ಟಿಂಗ್ಸ್’ ಎಂಬಲ್ಲಿ ‘ಆಲ್’ ಎಂದು ಒತ್ತಿದರೆ ಎಲ್ಲವೂ ಹೋಗುತ್ತದೆ. ಮೊದಲು ನೇರವಾಗಿ ಇನ್‌ಬಾಕ್ಸ್‌ಗೆ ಹೋಗಿ, ಅತ್ಯಂತ ಮುಖ್ಯವಾದ ಇಪ್ಪತ್ತು ಮೂವತ್ತು ಸಂದೇಶಗಳನ್ನು ಒಂದೊಂದಾಗಿ ತೆರೆದು, ಈಗಿನ ಮೊಬೈಲಿನಿಂದ ಪರದೆಯ ಚಿತ್ರ ತೆಗೆಯಿರಿ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಪರದೆಯ ಮೇಲೆ ಹೊಳೆಯದಂತೆ ಫೋನನ್ನು ಓರೆಯಾಗಿ ಇಡಿ, ದಿನಾಂಕವೂ ಚಿತ್ರದಲ್ಲಿ ಬರಲಿ. ಇದು ಮಕ್ಕಳಾಟಿಕೆ ಎಂದು ಕಂಪ್ಯೂಟರ್ ಬಲ್ಲವರು ಮೂಗು ಮುರಿಯುತ್ತಾರೆ, ಆದರೆ ಮುಂದಿನ ಹಂತದಲ್ಲಿ ಫೋನು ಕೈಕೊಟ್ಟರೂ ಉಳಿಯುವುದು ಈ ಚಿತ್ರಗಳೇ.

ಈಗ ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಹಂತ. ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ‘ಮಾಸ್ ಸ್ಟೋರೇಜ್’ ಆರಿಸಿ, ಕಂಡದ್ದನ್ನೆಲ್ಲ ನಕಲು ಮಾಡಿಕೊಂಡು ಸಮಾಧಾನಪಡುತ್ತಾರೆ. ಆ ದಾರಿಯಲ್ಲಿ ಕಾಣುವುದು ಮೆಮೊರಿ ಕಾರ್ಡಿನಲ್ಲಿರುವ ಫೋಟೊ, ಹಾಡುಗಳು ಮಾತ್ರ. ಸಂದೇಶಗಳು ಅಲ್ಲಿ ಇರುವುದೇ ಇಲ್ಲ. ಹಿಂದೆ ನೋಕಿಯಾದ ಪಿಸಿ ಸೂಟ್ ಎಂಬ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತಿತ್ತು. ಈಗ ಅದನ್ನು ಗುರುತಿಲ್ಲದ ತಾಣಗಳಿಂದ ಇಳಿಸಿಕೊಂಡು ಕಂಪ್ಯೂಟರಿಗೆ ವೈರಸ್ ತಂದುಕೊಳ್ಳುವ ಬದಲು, ಫೋನಿನಲ್ಲಿಯೇ ಇರುವ ವ್ಯವಸ್ಥೆಯನ್ನು ಬಳಸುವುದು ಸುರಕ್ಷಿತ. ಅಳಿಸಿಹೋದ ಸಂದೇಶಗಳನ್ನು ಮರಳಿ ತರುತ್ತೇವೆಂದು ಹಣ ಕೇಳುವ ‘ರಿಕವರಿ’ ಸಾಫ್ಟ್‌ವೇರುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈಗಿನ ಆಂಡ್ರಾಯ್ಡ್ ಫೋನುಗಳಿಗೆಂದು ಬರೆದ ಅವುಗಳಿಗೆ ಈ ಫೋನಿನ ಭಾಷೆಯೇ ಗೊತ್ತಿಲ್ಲ.

ಬೇಕಾಗುವುದು ಒಂದು ಮೈಕ್ರೊ ಎಸ್‌ಡಿ ಕಾರ್ಡ್. ಸಿ3 ಒಪ್ಪುವುದು 8 ಜಿಬಿ ವರೆಗೆ, 2 ಅಥವಾ 4 ಜಿಬಿಯದಿದ್ದರೂ ಧಾರಾಳವಾಯಿತು. ಫೋನಿನಲ್ಲಿ ಈಗಾಗಲೇ ಕಾರ್ಡ್ ಇದ್ದರೆ ಅದನ್ನು ಹೊರತೆಗೆದು ಬದಿಗಿಡಿ, ಬೇರೊಂದು ಖಾಲಿ ಕಾರ್ಡ್ ಹಾಕಿ. ‘ಕಾರ್ಡ್ ಫಾರ್ಮ್ಯಾಟ್ ಮಾಡಲೇ?’ ಎಂದು ಫೋನು ಕೇಳಿದಾಗ ಯೋಚಿಸದೆ ಹೌದೆಂದು ಒತ್ತಿ, ಹಳೆಯ ಫೋಟೊಗಳನ್ನೆಲ್ಲ ಕಳೆದುಕೊಂಡವರಿದ್ದಾರೆ. ನಂತರ ಮೆನು, ಸೆಟ್ಟಿಂಗ್ಸ್, ‘ಸಿಂಕ್ ಅಂಡ್ ಬ್ಯಾಕಪ್’, ಅದರೊಳಗೆ ‘ಕ್ರಿಯೇಟ್ ಬ್ಯಾಕಪ್’ ಎಂದು ಹೋಗಿ. ಏನೇನು ಪ್ರತಿ ಮಾಡಬೇಕು ಎಂಬ ಪಟ್ಟಿ ಬರುತ್ತದೆ. ಇಲ್ಲಿ ‘ಮೆಸೇಜಸ್’ ಎದುರು ಗುರುತು ಬಿದ್ದಿದೆಯೇ ಎಂದು ಕಣ್ಣಾರೆ ನೋಡಿ ಮುಂದುವರಿಯಿರಿ. ಸಂಪರ್ಕಗಳ ಪಟ್ಟಿಯನ್ನಷ್ಟೇ ಉಳಿಸಿ ಸಂದೇಶಗಳನ್ನು ಬಿಟ್ಟಿದ್ದ ಪ್ರತಿಗಳನ್ನು ನಾನು ಎರಡು ಸಲ ನೋಡಿದ್ದೇನೆ, ಮತ್ತು ಒಂದು ಸಲ ಆ ಹೊತ್ತಿಗೆ ಫೋನು ಮಾರಾಟವಾಗಿಹೋಗಿತ್ತು. ಸಂದೇಶ ಸಾವಿರಗಟ್ಟಲೆ ಇದ್ದರೆ ಕೆಲವು ನಿಮಿಷ ಹಿಡಿಯಬಹುದು. ಮುಗಿಯಿತೆಂದು ಫೋನು ಹೇಳುವ ತನಕ ಯಾವ ಗುಂಡಿಯನ್ನೂ ಒತ್ತಬೇಡಿ. ಮುಗಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿ, ಎರಡನೆಯ ಪ್ರತಿಯೂ ಇರಲಿ.

ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರಿನ ಮೂಲಕ ಕಂಪ್ಯೂಟರಿಗೆ ಹಾಕಿದರೆ ‘ಬ್ಯಾಕಪ್’ ಎಂಬ ಫೋಲ್ಡರಿನಲ್ಲಿ ಎನ್‌ಬಿಎಫ್ ಎಂದು ಕೊನೆಗೊಳ್ಳುವ ಕಡತ ಇರುತ್ತದೆ. ಅದನ್ನು ತೆರೆಯಲು ಹೋದರೆ ಕಂಪ್ಯೂಟರು ಗೊತ್ತಿಲ್ಲ ಎನ್ನುತ್ತದೆ, ಕಡತ ಕೆಟ್ಟಿದೆಯೆಂದು ಜನ ಅಳಿಸಿಬಿಡುತ್ತಾರೆ. ನಿಜದಲ್ಲಿ ಅದು ಮಾಮೂಲಿ ಜಿಪ್ ಕಡತವೇ. ಅದರ ಒಂದು ನಕಲು ಮಾಡಿಕೊಂಡು, ನಕಲಿನ ಹೆಸರಿನ ಕೊನೆಯಲ್ಲಿ ಎನ್‌ಬಿಎಫ್ ಬದಲು ಜಿಪ್ ಎಂದು ಬರೆದು ಬಿಚ್ಚಿ. ಒಳಗೆ ‘ಪ್ರಿಡೆಫ್‌ಮೆಸೇಜಸ್’ ಎಂಬ ಫೋಲ್ಡರ್, ಅದರಲ್ಲಿ ಅಂಕಿಗಳ ಹೆಸರಿನ ಫೋಲ್ಡರುಗಳು ಸಿಗುತ್ತವೆ: 1 ಎಂಬುದು ಬಂದವು, 3 ಎಂಬುದು ಕಳಿಸಿದವು. ಕಳಿಸಿದ್ದನ್ನು ಉಳಿಸುವ ಆಯ್ಕೆಯನ್ನು ಆಗ ಬಳಸದೇ ಇದ್ದಿದ್ದರೆ 3ರ ಫೋಲ್ಡರ್ ಖಾಲಿಯಿರಬಹುದು. ಪ್ರತಿ ಸಂದೇಶವೂ ಉದ್ದನೆಯ ಹೆಸರಿನ ಒಂದು ವಿಎಂಜಿ ಕಡತ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಅಕ್ಷರಗಳ ನಡುವೆ ಅಂತರ ಬಿದ್ದು ವಿಚಿತ್ರವಾಗಿ ಕಂಡರೆ ಎನ್‌ಕೋಡಿಂಗನ್ನು, ಅಂದರೆ ಕಡತದ ಅಕ್ಷರಗಳನ್ನು ಓದುವ ಕ್ರಮವನ್ನು, ಯುಟಿಎಫ್-16ಕ್ಕೆ ಬದಲಿಸಿ. ನೂರಾರು ಸಂದೇಶಗಳಿದ್ದರೆ ‘ಎನ್‌ಬಿಯು ಎಕ್ಸ್‌ಪ್ಲೋರರ್’ ಎಂಬ ಉಚಿತ ತಂತ್ರಾಂಶ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಕಂಪ್ಯೂಟರ್ ಬಳಸಿ ಅಭ್ಯಾಸವಿರುವವರಿಗೆ ನಾನು ಹೇಳುವುದು ಅದನ್ನೇ.

ಸಂದೇಶಗಳನ್ನು ಬೇರೆಡೆ ಬರೆದಿಡುವಾಗ ತಿದ್ದಬೇಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಸಂದೇಶಕ್ಕೆ 160 ಅಕ್ಷರಗಳ ಮಿತಿ, ಕನ್ನಡ ಲಿಪಿಯಲ್ಲಾದರೆ 70 ಮಾತ್ರ, ಅದರಲ್ಲಿಯೂ ‘ಕ್ಷ’ ಎಂಬ ಒಂದಕ್ಷರ ಮೂರರ ಜಾಗ ತಿನ್ನುತ್ತದೆ. ಹಾಗಾಗಿಯೇ ನಮ್ಮವರು ಇಂಗ್ಲಿಷ್ ಅಕ್ಷರಗಳಲ್ಲಿ, ಸ್ವರಗಳನ್ನು ನುಂಗಿ ಕನ್ನಡ ಬರೆದರು. ‘ಊಟ ಆಯ್ತಾ’ ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಮೊಟಕುಗೊಳಿಸುತ್ತಿದ್ದರು, ಆ ಮೊಟಕಿನಲ್ಲಿಯೇ ಬರೆದವರ ಗುರುತಿದೆ. ದಿನಾಂಕವನ್ನೂ ಬಿಡಬೇಡಿ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಜನ ವದಂತಿಗೆ ಹೆದರಿ ಊರಿಗೆ ಹೊರಟಾಗ ಸರ್ಕಾರ ದೇಶದಾದ್ಯಂತ ಸಗಟು ಸಂದೇಶಗಳಿಗೆ, ಅಂದರೆ ಒಮ್ಮೆಗೇ ಅನೇಕರಿಗೆ ಕಳಿಸುವ ಸಂದೇಶಗಳಿಗೆ, 15 ದಿನ ನಿರ್ಬಂಧ ಹೇರಿತ್ತು. ನನ್ನ ತಂದೆಯ ಫೋನಿನಲ್ಲಿ ಆ ದಿನಗಳ ಸಂದೇಶಗಳು ಏಕೆ ಅಷ್ಟು ವಿರಳ ಎಂದು ನನಗೆ ಅರ್ಥವಾದದ್ದು ದಿನಾಂಕ ನೋಡಿದ ಮೇಲೆಯೇ.

ಇಂಥದ್ದೇ ಕೀಬೋರ್ಡಿನ ಬೇರೆ ಫೋನುಗಳ ಮಾತು: ನೋಕಿಯಾ ಇ63 ಇದ್ದವರಿಗೆ ಬ್ಯಾಟರಿ ಬಿಪಿ-4ಎಲ್, ಪಿನ್ ಅದೇ ಸಣ್ಣದು. ಬ್ಲ್ಯಾಕ್‌ಬೆರಿ ಕರ್ವ್ 8520 ಮೈಕ್ರೊ ಯುಎಸ್‌ಬಿಯಿಂದಲೇ ಚಾರ್ಜ್ ಆಗುತ್ತದೆ. 2022ರ ಜನವರಿ 4ಕ್ಕೆ ಆ ಕಂಪನಿ ಹಳೆಯ ಫೋನುಗಳ ಸೇವೆಯನ್ನು ನಿಲ್ಲಿಸಿದರೂ ಒಳಗಿರುವ ಸಂದೇಶಗಳು ಹಾಗೆಯೇ ಇರುತ್ತವೆ. ಆದರೆ ಪಾಸ್‌ವರ್ಡ್ ನೆನಪಿಲ್ಲವೆಂದು ಊಹಿಸುತ್ತಾ ಕೂರಬೇಡಿ. ಹತ್ತು ಸಲ ತಪ್ಪಿದರೆ ಆ ಫೋನು ತನ್ನೊಳಗಿನ ಎಲ್ಲವನ್ನೂ ತಾನೇ ಅಳಿಸಿಕೊಳ್ಳುತ್ತದೆ. ಮನೆಯವರೆಲ್ಲ ಸೇರಿ ನೆನಪಿಸಿಕೊಂಡು, ಸಾಧ್ಯತೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಎಷ್ಟು ಸಲ ಒತ್ತಿದ್ದೀರಿ ಎಂದು ಲೆಕ್ಕವಿಡಿ.

ಕಡತಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡಿ. ಕೊನೆಗೆ ಫೋನನ್ನು ಆಫ್ ಮಾಡಿ, ಅರ್ಧ ಚಾರ್ಜ್ ಉಳಿದಿರುವ ಬ್ಯಾಟರಿಯನ್ನು ಹೊರತೆಗೆದು, ಎರಡನ್ನೂ ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಚಾರ್ಜರಿನ ಜೊತೆಗೆ ಒಂದೇ ಡಬ್ಬಿಯಲ್ಲಿ ಹಾಕಿ, ಸೆಕ್ಯೂರಿಟಿ ಕೋಡನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿ.